‘ಎಲಾಹಾ’ ಚಿತ್ರವನ್ನು ಕಾಲೇಜಿನಲ್ಲಿ ತೋರಿಸಬಹುದೇ?

ಪ್ರಶ್ನೆ: ನಾನು ಮಹಿಳಾ ಪದವಿ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕಿ. ಕಾಲೇಜಿನ ಚಿತ್ರವೇದಿಕೆಯ ಹೊಣೆಯೂ ನನ್ನದೇ. ‘ಎಲಾಹಾ’ ಎಂಬ ಜರ್ಮನ್ ಚಿತ್ರವನ್ನು ಇಂಗ್ಲಿಷ್ ಉಪಶೀರ್ಷಿಕೆಗಳೊಂದಿಗೆ ನೋಡಿದೆ. ಅಂತಿಮ ವರ್ಷದ ವಿದ್ಯಾರ್ಥಿನಿಯರಿಗೆ ಅದನ್ನು ತೋರಿಸಬೇಕೆಂದು ಅನ್ನಿಸಿತು. ಸಹೋದ್ಯೋಗಿಯೊಬ್ಬರು ಮೂರು ಆಕ್ಷೇಪ ಎತ್ತಿದ್ದಾರೆ. ಅದು ಒಂದು ಅಲ್ಪಸಂಖ್ಯಾತ ಸಮುದಾಯದ ಮಾನ ತೆಗೆಯುವ ಚಿತ್ರ ಎಂಬುದು ಒಂದು. ನಿರ್ದೇಶಕಿ ವಲಸೆ ಬಂದವರಾದ್ದರಿಂದ ಜರ್ಮನರನ್ನು ಮೆಚ್ಚಿಸಲು ತಮ್ಮವರನ್ನೇ ಬಿಟ್ಟುಕೊಟ್ಟಿದ್ದಾರೆ ಎಂಬುದು ಇನ್ನೊಂದು. ಮದುವೆಗೆ ಮುಂಚಿನ ಸಂಬಂಧವನ್ನು ಮುಚ್ಚಿಡುವ ಉಪಾಯಗಳನ್ನು ಹುಡುಗಿಯರಿಗೆ ಕಲಿಸಿದಂತಾಗುತ್ತದೆ ಎಂಬುದು ಮೂರನೆಯದು. ಪ್ರಾಂಶುಪಾಲರು ‘ತಿಳಿದವರ ಅಭಿಪ್ರಾಯ ತನ್ನಿ’ ಎಂದಿದ್ದಾರೆ. ನನಗೂ ಒಂದು ಗೊಂದಲವಿದೆ. ಇದನ್ನು ಪ್ರಾಯಕ್ಕೆ ಬರುವ ಕಥೆ ಎಂದು ವರ್ಣಿಸುತ್ತಾರೆ, ಆದರೆ ನಾಯಕಿಗೆ 22 ವರ್ಷ, ಮದುವೆ ಗೊತ್ತಾಗಿದೆ. ನನ್ನ ತರಗತಿಯಲ್ಲೂ ಮೂವರಿಗೆ ನಿಶ್ಚಿತಾರ್ಥವಾಗಿದೆ. ತೋರಿಸುವುದೋ ಬಿಡುವುದೋ?

ಉತ್ತರ: ನಿಮ್ಮ ಪತ್ರದಲ್ಲಿ ಚಿತ್ರದ ಬಗೆಗಿನ ಸಂಶಯಗಳೂ ನಿಮ್ಮ ಕಾಲೇಜಿನ ಬಗೆಗಿನ ಸಂಶಯಗಳೂ ಒಂದರೊಳಗೊಂದು ಬೆರೆತಿವೆ. ಚಿತ್ರ ಒಂದು ಸಮುದಾಯಕ್ಕೆ ಅನ್ಯಾಯ ಮಾಡುತ್ತದೆಯೇ ಎಂಬುದು ಸಿನಿಮಾದ ಪ್ರಶ್ನೆ. ನಿಮ್ಮ ಸಭಾಂಗಣದಲ್ಲಿ ಕುಳಿತ ಯಾವುದಾದರೂ ಹುಡುಗಿಗೆ ಅನ್ಯಾಯವಾದೀತೇ ಎಂಬುದು ಪ್ರದರ್ಶನದ ಪ್ರಶ್ನೆ. ಚಿತ್ರರಸಗ್ರಹಣ ಶಿಬಿರಗಳಲ್ಲಿ ಪಾಠ ಮಾಡುವ ನನ್ನಂಥವರು ಮೊದಲನೆಯದರ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತೇವೆ. ಆದರೆ ತೊಡಕಾಗುವುದು ಸಾಮಾನ್ಯವಾಗಿ ಎರಡನೆಯದರಲ್ಲಿ. ನಿಮ್ಮ ಸಹೋದ್ಯೋಗಿಯ ಆಕ್ಷೇಪಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜರ್ಮನಿಯ ವಲಸಿಗ ನಿರ್ದೇಶಕರು ತಮ್ಮನ್ನೇ ಕೇಳಿಕೊಂಡು ಬಂದಿರುವ ಪ್ರಶ್ನೆಗಳಿಗೂ ಅವಕ್ಕೂ ಹೆಚ್ಚು ದೂರವಿಲ್ಲ.

ಚಿತ್ರ ನೋಡದ ಓದುಗರಿಗಾಗಿ ನಾಲ್ಕು ಮಾತು. ನಿರ್ದೇಶಕಿ ಮಿಲೆನಾ ಅಬೋಯಾನ್ ಅರ್ಮೇನಿಯಾದಲ್ಲಿ ಕುರ್ದಿ ಯಜೀದಿ ಮನೆತನದಲ್ಲಿ (ಕುರ್ದರು ತುರ್ಕಿ, ಇರಾಕ್ ಮೊದಲಾದ ದೇಶಗಳಲ್ಲಿ ಹಂಚಿಹೋಗಿರುವ ಜನಾಂಗ) ಹುಟ್ಟಿ ಜರ್ಮನಿಗೆ ಬಂದು, ಲುಡ್ವಿಗ್ಸ್‌ಬುರ್ಗ್‌ನಲ್ಲಿರುವ ಬಾಡೆನ್-ವ್ಯುರ್ಟೆಂಬೆರ್ಗ್ ಚಲನಚಿತ್ರ ಅಕಾಡೆಮಿಯಲ್ಲಿ ಓದಿದವರು. ಅವರ ಈ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ 2023ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದ ಹೊಸ ಜರ್ಮನ್ ನಿರ್ದೇಶಕರ ವಿಭಾಗದಲ್ಲಿ ಮೊದಲ ಪ್ರದರ್ಶನ ಕಂಡಿತು. ಬಾಯಾನ್ ಲೈಲಾ ನಟಿಸಿರುವ ಎಲಾಹಾ ಜರ್ಮನಿಯಲ್ಲಿ ಬದುಕುವ ಕುರ್ದಿ ಯುವತಿ. ಮದುವೆ ಹತ್ತಿರ ಬಂದಿದೆ. ಆದರೆ ಆಕೆಗೆ ಈ ಮೊದಲೇ ಒಂದು ದೈಹಿಕ ಸಂಬಂಧವಿತ್ತು. ಕನ್ಯಾಪೊರೆಯನ್ನು ಮತ್ತೆ ಹೊಲಿದು ಕೊಡುವ ಶಸ್ತ್ರಚಿಕಿತ್ಸೆಯೊಂದಿದೆ ಎಂದು ತಿಳಿದರೂ ಅದಕ್ಕೆ ಬೇಕಾದಷ್ಟು ಹಣ ಆಕೆಯ ಬಳಿ ಇಲ್ಲ. ಹಣಕ್ಕಾಗಿ, ಉಪಾಯಕ್ಕಾಗಿ ಹುಡುಕಾಡುತ್ತಲೇ ಆಕೆ ತನ್ನನ್ನು ತಾನು ಕೇಳಿಕೊಳ್ಳತೊಡಗುತ್ತಾಳೆ: ನಾನು ಕನ್ಯೆಯಾಗಿಯೇ ಏಕೆ ಇರಬೇಕು, ಯಾರಿಗಾಗಿ ಇರಬೇಕು? ಕಥೆಯ ಎಳೆ ಇಷ್ಟೇ.

ಮೊದಲ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕಾದರೆ ಈ ಚಿತ್ರಕ್ಕಿಂತ ಹಿಂದಿನ ಕೆಲವು ಚಿತ್ರಗಳತ್ತ ಹೋಗಬೇಕು. ಪಶ್ಚಿಮ ಜರ್ಮನಿಯು 1961ರ ಅಕ್ಟೋಬರ್‌ನಲ್ಲಿ ತುರ್ಕಿಯೊಂದಿಗೆ ಕಾರ್ಮಿಕರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು, 1973ರಲ್ಲಿ ನೇಮಕಾತಿಯನ್ನು ನಿಲ್ಲಿಸಿತು. ಬಂದವರು ಹಿಂದಿರುಗುತ್ತಾರೆಂಬ ಎಣಿಕೆ ಸುಳ್ಳಾಗಿ, ಅವರ ಸಂಸಾರಗಳು ಅಲ್ಲಿಯೇ ಬೇರುಬಿಟ್ಟವು. ಎಂಬತ್ತರ ದಶಕದ ಹೊತ್ತಿಗೆ ಜರ್ಮನ್ ಸಿನಿಮಾ ಈ ಮನೆಗಳೊಳಗೆ ಇಣುಕತೊಡಗಿತು. ಇಣುಕಿದಾಗ ಅದಕ್ಕೆ ಹೆಚ್ಚಾಗಿ ಕಂಡದ್ದು ಬಾಗಿಲ ಹಿಂದೆ ಕೂಡಿಹಾಕಿದ ಹೆಣ್ಣು. ಹಾರ್ಕ್ ಬೋಮ್ ಎಂಬ ಜರ್ಮನ್ ನಿರ್ದೇಶಕರ ‘ಯಾಸೆಮಿನ್’ (1988) ಈ ಬಗೆಯ ಅತ್ಯಂತ ಜನಪ್ರಿಯ ಚಿತ್ರ. ಹ್ಯಾಂಬುರ್ಗ್‌ನ ತರಕಾರಿ ಅಂಗಡಿಯವನ ಮಗಳು, ಜೂಡೊ ಕಲಿಯುವ ಚುರುಕಾದ ಹುಡುಗಿ ಯಾಸೆಮಿನ್. ಅವಳ ಅಕ್ಕನ ಮದುವೆಯ ರಾತ್ರಿ ಕನ್ಯತ್ವದ ಪುರಾವೆ ಸಿಗದೆ ಹೋದಾಗ, ಅಲ್ಲಿಯವರೆಗೆ ಪ್ರೀತಿಯಿಂದಿದ್ದ ತಂದೆ ಒಮ್ಮೆಲೇ ಕಠೋರನಾಗುತ್ತಾನೆ; ಕಿರಿಯವಳನ್ನು ತುರ್ಕಿಗೆ ಸಾಗಿಸಲು ಹೊರಡುತ್ತಾನೆ. ಕೊನೆಗೆ ಯಾಸೆಮಿನ್ ತನ್ನ ಜರ್ಮನ್ ಗೆಳೆಯನ ಮೋಟಾರ್‌ಸೈಕಲ್ ಹತ್ತಿ ಪಾರಾಗುತ್ತಾಳೆ. ಜರ್ಮನಿಯ ಸಾಂಸ್ಕೃತಿಕ ಕೇಂದ್ರಗಳಾದ ಗಯಟೆ ಸಂಸ್ಥೆಗಳ ಮೂಲಕ ಹೊರದೇಶಗಳಲ್ಲಿ ಧಾರಾಳವಾಗಿ ಪ್ರದರ್ಶನಗೊಂಡ ಈ ಚಿತ್ರ ಕೆಟ್ಟದ್ದೇನಲ್ಲ; ಆ ತಂದೆಯ ಪಾತ್ರವನ್ನು ನಾನು ಈಗಲೂ ಮೆಚ್ಚುತ್ತೇನೆ. ಆದರೆ ಆ ಮೋಟಾರ್‌ಸೈಕಲ್ ಬಹಳಷ್ಟನ್ನು ಹೇಳಿಬಿಡುತ್ತದೆ. ಸ್ವಾತಂತ್ರ್ಯಕ್ಕೆ ಒಂದು ವಾಹನವಿದೆ, ಅದನ್ನು ಓಡಿಸುವವನು ಜರ್ಮನ್ ಹುಡುಗ, ಹಿಂದೆ ಕುಳಿತುಕೊಳ್ಳುವುದು ವಲಸಿಗ ಹುಡುಗಿಯ ಪಾಲು.

ಎಲಾಹಾಳಿಗೆ ಅಂಥ ವಾಹನ ಬರುವುದಿಲ್ಲ. ಸ್ಟೆಲ್ಲಾ ಎಂಬ ಶಿಕ್ಷಕಿ ಆಕೆಯ ಬಗ್ಗೆ ನಿಜವಾದ ಕಾಳಜಿ ತೋರಿಸುತ್ತಾಳೆ. ಆದರೆ ‘ಎಲ್ಲವನ್ನೂ ಬಿಟ್ಟು ಬಾ’ ಎಂದು ಹೇಳುವುದು ಹೊರಗೆ ನಿಂತವರಿಗೆ ಎಷ್ಟು ಸುಲಭವೋ ಒಳಗಿರುವವಳಿಗೆ ಅಷ್ಟೇ ಕಷ್ಟ ಎಂಬುದನ್ನು ಚಿತ್ರ ಮರೆಮಾಚುವುದಿಲ್ಲ. ಎಲಾಹಾ ತನ್ನ ಮನೆಯವರನ್ನು ಪ್ರೀತಿಸುತ್ತಾಳೆ, ಅವರೊಂದಿಗೆ ಕುಣಿಯುತ್ತಾಳೆ, ಆ ಕುಣಿತದಲ್ಲಿ ಆಕೆಗೆ ನಿಜವಾದ ಸುಖವಿದೆ. ತನ್ನ ದೇಹವೂ ತನ್ನದಾಗಿರಬೇಕು, ತನ್ನವರೂ ತನ್ನವರಾಗಿಯೇ ಉಳಿಯಬೇಕು ಎಂಬ ಆಕೆಯ ಹಟವೇ ಚಿತ್ರದ ಬೆನ್ನೆಲುಬು. ಒಂದು ಸಮುದಾಯದ ಮಾನ ತೆಗೆಯಲು ಹೊರಟ ಚಿತ್ರಕ್ಕೆ ಇಂಥ ಹಟ ಬೇಕಾಗುವುದಿಲ್ಲ. ಕ್ರೂರ ತಂದೆ, ಬೀಗ ಹಾಕಿದ ಬಾಗಿಲು, ಒಬ್ಬ ಸಂರಕ್ಷಕ ಇದ್ದರೆ ಅದರ ಕೆಲಸ ಮುಗಿಯುತ್ತದೆ.

ಹಾಗಾದರೆ ಬೋಮ್ ಹೊರಗಿನವರಾದ್ದರಿಂದ ತಪ್ಪಿದರು, ಅಬೋಯಾನ್ ಒಳಗಿನವರಾದ್ದರಿಂದ ಸರಿಯಾಗಿ ಮಾಡಿದರು ಎಂದು ನೀವು ಸಹೋದ್ಯೋಗಿಗೆ ಹೇಳಬಹುದೇ? ದಯವಿಟ್ಟು ಹೇಳಬೇಡಿ. ಆ ವಾದ ನಿಲ್ಲುವುದಿಲ್ಲ. ಬಾಗಿಲ ಹಿಂದಿನ ಹೆಣ್ಣಿನ ಚಿತ್ರವನ್ನು ಅತ್ಯಂತ ಉಸಿರುಗಟ್ಟಿಸುವಂತೆ ಮಾಡಿದವರು ತುರ್ಕಿಯಿಂದಲೇ ಬಂದಿದ್ದ ತೆವ್ಫಿಕ್ ಬಷೆರ್. 1986ರಲ್ಲಿ ತೆರೆಕಂಡ ಅವರ ‘ಜರ್ಮನಿಯ 40 ಚದರ ಮೀಟರ್’ ಚಿತ್ರದಲ್ಲಿ, ಹಳ್ಳಿಯಿಂದ ಮದುವೆಯಾಗಿ ಬಂದ ತುರ್ನಾಳನ್ನು ಗಂಡ ಹ್ಯಾಂಬುರ್ಗ್‌ನ ಮನೆಯೊಳಗೆ ಬೀಗ ಹಾಕಿಟ್ಟು ಕೆಲಸಕ್ಕೆ ಹೋಗುತ್ತಾನೆ. ಅವಳ ಪಾಲಿನ ಜರ್ಮನಿ ಕಿಟಕಿಯಿಂದ ಕಾಣುವಷ್ಟು ಮಾತ್ರ. ಅವನು ಬಾಗಿಲ ಬಳಿಯೇ ಕುಸಿದು ಸತ್ತಾಗ, ಆ ಹೆಣವನ್ನು ಸರಿಸಿಕೊಂಡು ಅವಳು ಹೊರಗೆ ಬರಬೇಕಾಗುತ್ತದೆ. ಬಲವಾದ ಚಿತ್ರ ಅದು. ಆದರೂ ಜರ್ಮನ್ ಪ್ರೇಕ್ಷಕ ‘ಇವರು ಹೀಗೆಯೇ’ ಎಂದು ತಲೆಯಾಡಿಸಲು ಬೇಕಾದ ಎಲ್ಲವನ್ನೂ ಕೊಟ್ಟದ್ದು ಒಳಗಿನವರೊಬ್ಬರೇ. ಇತ್ತ ನಮ್ಮಲ್ಲೇ ನೋಡಿ. ಮಾಧ್ವ ಅಗ್ರಹಾರದ ಕಥೆಯಾದ ‘ಸಂಸ್ಕಾರ’ವನ್ನು 1970ರಲ್ಲಿ ಸಿನಿಮಾ ಮಾಡಿದ ಪಟ್ಟಾಭಿರಾಮ ರೆಡ್ಡಿಯವರು ನೆಲ್ಲೂರಿನ ತೆಲುಗು ಕವಿ, ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು, ಕಾದಂಬರಿ ಬರೆದ ಅನಂತಮೂರ್ತಿಯವರು ಒಳಗಿನವರು. ಸಮುದಾಯಕ್ಕೆ ನೋವಾಗುತ್ತದೆಂಬ ಕಾರಣಕ್ಕೆ ಸೆನ್ಸಾರ್ ಮಂಡಳಿ ತಡೆಹಿಡಿದಿದ್ದ ಆ ಚಿತ್ರ ಕೇಂದ್ರ ಸರ್ಕಾರದ ಮಟ್ಟದಲ್ಲಿ ಬಿಡುಗಡೆ ಪಡೆದು, ಮುಂದೆ ರಾಷ್ಟ್ರಪತಿಗಳ ಸ್ವರ್ಣಪದಕ ಗಳಿಸಿತು. ನಿಮ್ಮ ಸಹೋದ್ಯೋಗಿ ಎತ್ತಿರುವ ಮೊದಲ ಆಕ್ಷೇಪ ಕನ್ನಡಕ್ಕೆ ಹೊಸದೇನಲ್ಲ, ಕನ್ನಡದ ಹೊಸ ಅಲೆಯ ಸಿನಿಮಾ ಶುರುವಾದದ್ದೇ ಅದರೊಂದಿಗೆ.

ನಿರ್ದೇಶಕರ ಹುಟ್ಟೂರನ್ನು ನೋಡಿ ಚಿತ್ರದ ಪ್ರಾಮಾಣಿಕತೆಯನ್ನು ತೂಗಲಾಗದು. ಬೇರೆ ಕೆಲವನ್ನು ನೋಡಬೇಕು. ಕ್ಯಾಮೆರಾ ಯಾರ ಹೆಗಲ ಹಿಂದೆ ನಿಂತಿದೆ? ಅಡ್ಡಿಯಾಗಿ ನಿಂತವರಿಗೂ ತಮ್ಮದೇ ಭಯ, ತಮ್ಮದೇ ಪ್ರೀತಿ ಇರಲು ಚಿತ್ರ ಅವಕಾಶ ಕೊಟ್ಟಿದೆಯೇ? ಬಿಡುಗಡೆಯ ದಾರಿಯನ್ನು ಯಾರ ಕೈಗೆ ಕೊಟ್ಟಿದೆ? ‘ಎಲಾಹಾ’ದಲ್ಲಿ ಕ್ಯಾಮೆರಾ ನಾಯಕಿಯ ಮುಖವನ್ನು ಬಿಟ್ಟು ದೂರ ಹೋಗುವುದೇ ಅಪರೂಪ, ನಾವು ಅವಳನ್ನು ನೋಡುವುದಕ್ಕಿಂತ ಹೆಚ್ಚಾಗಿ, ಅವಳು ಇತರರನ್ನು ಹೇಗೆ ಅಳೆಯುತ್ತಿದ್ದಾಳೆ, ಯಾವ ಮಾತಿಗೆ ಎಷ್ಟು ಸುಳ್ಳು ಬೆರೆಸಬೇಕೆಂದು ಹೇಗೆ ಲೆಕ್ಕ ಹಾಕುತ್ತಿದ್ದಾಳೆ ಎಂಬುದನ್ನು ನೋಡುತ್ತೇವೆ. ಇನ್ನೊಂದು ಮಾತು. ಇದು ಮುಸ್ಲಿಮರ ಕುರಿತ ಚಿತ್ರ ಎಂದು ನಿಮ್ಮ ಸಹೋದ್ಯೋಗಿ ಭಾವಿಸಿದ್ದರೆ ಅವರಿಗೆ ತಿಳಿಸಿ: ನಿರ್ದೇಶಕಿ ಹುಟ್ಟಿದ ಯಜೀದಿ ಸಮುದಾಯಕ್ಕೆ ತನ್ನದೇ ಆದ ಪುರಾತನ ಧರ್ಮವಿದೆ, ಕುರ್ದರಲ್ಲಿ ಸುನ್ನಿಗಳೂ ಅಲೆವಿಗಳೂ ಯಜೀದಿಗಳೂ ಇದ್ದಾರೆ. ಮದುವೆಯ ರಾತ್ರಿಯ ಪುರಾವೆ ಕೇಳುವ ರೂಢಿ ಹಲವು ಧರ್ಮಗಳವರಲ್ಲಿ ಇತ್ತು, ಇದೆ. ಮಹಾರಾಷ್ಟ್ರದ ಕಂಜಾರ್‌ಭಾಟ್ ಸಮುದಾಯದಲ್ಲಿ ನಡೆಯುತ್ತಿದ್ದ ಇಂಥದೇ ಪರೀಕ್ಷೆಯ ವಿರುದ್ಧ 2018ರ ಸುಮಾರಿಗೆ ದನಿ ಎತ್ತಿದವರು ಆ ಸಮುದಾಯದ ತರುಣ ತರುಣಿಯರೇ.

ಜರ್ಮನರನ್ನು ಮೆಚ್ಚಿಸಲು ಮಾಡಿದ ಚಿತ್ರ ಎಂಬ ಆಕ್ಷೇಪದಲ್ಲಿ ಒಂದು ಅರ್ಧಸತ್ಯವಿದೆ, ಅದು ನಿರ್ದೇಶಕಿಯ ಉದ್ದೇಶಕ್ಕೆ ಸಂಬಂಧಿಸಿದ್ದಲ್ಲ. ಜರ್ಮನಿಯಲ್ಲಿ ಮೊದಲ ಚಿತ್ರ ಮಾಡುವವರು ಹೆಚ್ಚಾಗಿ ನೆಚ್ಚಿಕೊಳ್ಳುವುದು ರಾಜ್ಯಗಳ ಚಲನಚಿತ್ರ ನಿಧಿಗಳನ್ನು, ಚಿತ್ರಶಾಲೆಗಳನ್ನು, ಸಾರ್ವಜನಿಕ ದೂರದರ್ಶನ ವಾಹಿನಿಗಳನ್ನು. ಚಿತ್ರಕಥೆಯನ್ನು ಓದಿ ಹಣ ಮಂಜೂರು ಮಾಡುವ ಸಮಿತಿಗಳಿಗೆ ‘ಸಾಮಾಜಿಕ ಸಮಸ್ಯೆ’ ಇರುವ ಕಥೆಗಳು ಬೇಗ ರುಚಿಸುತ್ತವೆ. ಹೀಗಾಗಿ ವಲಸಿಗ ಹಿನ್ನೆಲೆಯ ನಿರ್ದೇಶಕರಿಂದ ವಲಸಿಗರ ಸಂಕಟದ ಕಥೆಯನ್ನೇ ನಿರೀಕ್ಷಿಸುವ ಅಭ್ಯಾಸ ಬೆಳೆದಿದೆ. ತೊಂಬತ್ತರ ದಶಕದ ಕೊನೆಗೆ ಥೋಮಾಸ್ ಅರ್ಸ್ಲಾನ್, ಫಾತಿಹ್ ಅಕಿನ್ ಮೊದಲಾದವರು ಬಂದಾಗ ಈ ನಿರೀಕ್ಷೆ ಸ್ವಲ್ಪ ಮುರಿಯಿತು. ಅವರಿಬ್ಬರೂ ಜರ್ಮನಿಯಲ್ಲಿಯೇ ಹುಟ್ಟಿದವರು, ಅವರ ಪಾತ್ರಗಳು ಬೀದಿಯಲ್ಲಿ ಅಡ್ಡಾಡುತ್ತವೆ, ಪ್ರೀತಿಸುತ್ತವೆ, ಕೆಡುತ್ತವೆ, ಯಾವ ಸಮಸ್ಯೆಯ ಉದಾಹರಣೆಯಾಗಿಯೂ ನಿಲ್ಲುವುದಿಲ್ಲ. ಅಕಿನ್ ಅವರು 2016ರಲ್ಲಿ ‘ಚಿಕ್’ ಎಂಬ ಹದಿಹರೆಯದ ಹುಡುಗರ ಕಥೆಯನ್ನು ಚಿತ್ರ ಮಾಡುವ ಹೊತ್ತಿಗೆ, ತುರ್ಕಿ ಮನೆಯ ಮಗನೊಬ್ಬ ಜರ್ಮನ್ ಬೆಸ್ಟ್‌ಸೆಲ್ಲರ್ ಕಾದಂಬರಿಯನ್ನು ತೆರೆಗೆ ತರುವುದು ಸಹಜವೆನಿಸಿಬಿಟ್ಟಿತ್ತು.

ಆದ್ದರಿಂದ 2023ರಲ್ಲಿ ಮತ್ತೆ ಕನ್ಯತ್ವದ ಪುರಾವೆಯ ಕಥೆ ಬಂದಾಗ ‘ಮತ್ತೆ ಅದೇ ಕಥೆಯೇ’ ಎಂದು ಕೇಳುವವರ ಬಗ್ಗೆ ನನಗೆ ಸಹಾನುಭೂತಿಯಿದೆ. ವಲಸೆ ವಿರೋಧವನ್ನೇ ಬಂಡವಾಳ ಮಾಡಿಕೊಂಡಿರುವ ಪಕ್ಷವು 2025ರ ಫೆಬ್ರವರಿಯ ಚುನಾವಣೆಯಲ್ಲಿ ಶೇ. 20.8ರಷ್ಟು ಮತ ಗಳಿಸಿ ಎರಡನೆಯ ಸ್ಥಾನಕ್ಕೇರಿದ ದೇಶ ಅದು. ಅಲ್ಲಿ ಒಳಗಿನವರು ತಮ್ಮ ಮನೆಯ ಬಗ್ಗೆ ನುಡಿದ ಪ್ರತಿ ಸಾಕ್ಷ್ಯವೂ ಆ ಮನೆಯನ್ನೇ ಕಿತ್ತೊಗೆಯಬೇಕೆನ್ನುವವರ ಕೈಗೆ ಸಿಗುತ್ತದೆ. ಈ ಅಪಾಯ ನಿಜ. ಆದರೆ ಅದಕ್ಕೆ ಹೆದರಿ ಸುಮ್ಮನಿರಬೇಕೆಂದು ಹೇಳುವಾಗ, ಆ ಮೌನದ ಬೆಲೆಯನ್ನು ತೆರುವವಳು ಮತ್ತೆ ಎಲಾಹಾಳ ವಯಸ್ಸಿನ ಹುಡುಗಿಯೇ ಆಗಿರುತ್ತಾಳೆ. ಆ ಆಯ್ಕೆಯನ್ನು ಅವಳ ಪರವಾಗಿ ಬೇರೆಯವರು ಮಾಡುವುದು ಸರಿಯೆಂದು ನನಗೆ ಅನ್ನಿಸಿಲ್ಲ.

ಇನ್ನು ನಿಮ್ಮ ಸ್ವಂತ ಗೊಂದಲ. ಪ್ರಾಯಕ್ಕೆ ಬರುವ ಕಥೆಯ ಜರ್ಮನ್ ಮಾದರಿಗೆ ದೊಡ್ಡ ವಂಶಾವಳಿಯಿದೆ. 1795-96ರಲ್ಲಿ ಪ್ರಕಟವಾದ ಗಯಟೆಯ ‘ವಿಲ್ಹೆಲ್ಮ್ ಮೈಸ್ಟರ್’ ಕಾದಂಬರಿಯಿಂದ ಹೊರಟಂತೆ ಕಾಣುವ ಆ ಮಾದರಿಯಲ್ಲಿ ತರುಣನೊಬ್ಬ ಮನೆ ಬಿಟ್ಟು ಹೊರಡುತ್ತಾನೆ, ಅಲೆಯುತ್ತಾನೆ, ತಪ್ಪುತ್ತಾನೆ, ಕೊನೆಗೆ ಸಮಾಜದಲ್ಲಿ ತನ್ನ ಜಾಗ ಕಂಡುಕೊಳ್ಳುತ್ತಾನೆ. ಹೊರಟವನು ಮರಳಿದರೂ ಮರಳದಿದ್ದರೂ ಆತನನ್ನು ಯಾರೂ ಕುಲದಿಂದ ಹೊರಹಾಕುವುದಿಲ್ಲ ಎಂಬ ಭರವಸೆ ಆ ಮಾದರಿಯ ಅಡಿಪಾಯದಲ್ಲಿದೆ, ಹೇಳದೆಯೇ ಇದೆ. ವಲಸಿಗ ಕುಟುಂಬದ ಹೆಣ್ಣುಮಗಳಿಗೆ ಆ ಭರವಸೆಯಿಲ್ಲ. ಅವಳು ಹೊಸ್ತಿಲು ದಾಟಿದರೆ ಅಪ್ಪ ಅಮ್ಮ ಮಾತ್ರವಲ್ಲ, ಭಾಷೆ, ಹಬ್ಬ, ಕಷ್ಟಕ್ಕೆ ಓಡಿಬರುವ ಬಂಧುಬಳಗ ಎಲ್ಲವೂ ಒಂದೇ ಏಟಿಗೆ ಹೋಗಬಹುದು. ಹೊರಗೆ ಕಾದಿರುವ ಸಮಾಜವೋ ಅವಳನ್ನು ಪೂರ್ತಿ ತನ್ನವಳೆಂದು ಎಣಿಸಿಲ್ಲ. ಹೀಗಾಗಿ ಅವಳ ಬೆಳವಣಿಗೆ ತಡವಾಗಿ, ಕದ್ದುಮುಚ್ಚಿ, ಮನೆಯೊಳಗಿದ್ದುಕೊಂಡೇ ನಡೆಯಬೇಕಾಗುತ್ತದೆ. ಹದಿನಾರಕ್ಕೆ ಕೇಳಬೇಕಿದ್ದ ಪ್ರಶ್ನೆಯನ್ನು ಅವಳು 22ಕ್ಕೆ ಕೇಳುತ್ತಾಳೆ, ಏಕೆಂದರೆ ಕೇಳಲೇಬೇಕಾದ ಒತ್ತಡ ಬಂದದ್ದು ಮದುವೆ ಗೊತ್ತಾದ ಮೇಲೆ. ನಿಶ್ಚಿತಾರ್ಥವಾದ ಮೂವರು ನಿಮ್ಮ ತರಗತಿಯಲ್ಲಿದ್ದಾರೆಂದಿರಿ. ಈ ವಿಳಂಬವನ್ನು ನನಗಿಂತ ಚೆನ್ನಾಗಿ ಅವರು ಬಲ್ಲರು.

ಕನ್ನಡದ ಪ್ರೇಕ್ಷಕರಿಗೆ ಇದರ ಮತ್ತೊಂದು ಮುಖ ಪರಿಚಿತವೇ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನಾಣಿ ಎಂಬ ಬಾಲಕ ಬೆಳೆಯುವ ಕಥೆ; ಆದರೆ ಆ ಬೆಳವಣಿಗೆಯ ಬೆಲೆ ತೆರುವವಳು ವಿಧವೆ ಯಮುನಕ್ಕ, ಬದುಕಿರುವಾಗಲೇ ಅವಳಿಗೆ ಶ್ರಾದ್ಧ ಮಾಡಿ ಊರು ಕೈತೊಳೆದುಕೊಳ್ಳುತ್ತದೆ. ನೋಡುವ ಕಣ್ಣು ಹುಡುಗನದು, ದಂಡ ಹೆಣ್ಣಿನದು. ‘ಎಲಾಹಾ’ದಲ್ಲಿ ಕಣ್ಣೂ ದೇಹವೂ ಒಬ್ಬಳದೇ. ಎರಡನ್ನೂ ಒಂದೇ ವಾರದಲ್ಲಿ ತೋರಿಸಿದರೆ ನಿಮ್ಮ ವಿದ್ಯಾರ್ಥಿನಿಯರು ಈ ವ್ಯತ್ಯಾಸವನ್ನು ತಾವಾಗಿಯೇ ಹಿಡಿದಾರು, ನೀವು ಬೋರ್ಡಿನ ಮೇಲೆ ಬರೆಯಬೇಕಾಗಿಲ್ಲ.

ಮೂರನೆಯ ಆಕ್ಷೇಪ, ಉಪಾಯ ಕಲಿಸುತ್ತದೆ ಎಂಬುದು. ಇದಕ್ಕೆ ಸಿನಿಮಾದ ಉತ್ತರ ಸಾಲದು, ವೈದ್ಯಶಾಸ್ತ್ರ ಹೇಳುವುದನ್ನೂ ಕೇಳಬೇಕು. ಚಿತ್ರದ ಇಡೀ ಸಂಕಟ ನಿಂತಿರುವುದು ಒಂದು ತಪ್ಪು ತಿಳಿವಳಿಕೆಯ ಮೇಲೆ: ಕನ್ಯಾಪೊರೆಯೆಂಬುದು ಮೊಹರು ಹಾಕಿದ ಮುಚ್ಚಳ, ಮೊದಲ ಸಲ ಅದು ಹರಿದು ರಕ್ತ ಬರಲೇಬೇಕು, ಬರದಿದ್ದರೆ ಹೆಣ್ಣು ‘ಕೆಟ್ಟಿದ್ದಾಳೆ’ ಎಂಬುದು. ವಾಸ್ತವದಲ್ಲಿ ಅದು ಯೋನಿದ್ವಾರದ ಅಂಚಿನಲ್ಲಿರುವ ಮಡಿಕೆಯಂಥ ಅಂಗಾಂಶ. ಒಬ್ಬೊಬ್ಬರಲ್ಲಿ ಒಂದೊಂದು ಆಕಾರ, ಒಂದೊಂದು ಹಿಗ್ಗುವ ಗುಣ. ಮೊದಲ ಸಲ ರಕ್ತಸ್ರಾವವೇ ಆಗದ ಹೆಂಗಸರು ಬಹಳಷ್ಟಿದ್ದಾರೆ. ಅದನ್ನು ಪರೀಕ್ಷಿಸಿ ಸಂಭೋಗ ನಡೆದಿದೆಯೋ ಇಲ್ಲವೋ ಎಂದು ಹೇಳಬಲ್ಲ ವಿಧಾನ ಯಾವ ವೈದ್ಯರ ಬಳಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಸಂಸ್ಥೆಗಳು 2018ರ ಅಕ್ಟೋಬರ್‌ನಲ್ಲಿ ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ಎಲ್ಲೆಡೆ ಕೊನೆಗಾಣಿಸಬೇಕು ಎಂದು ಕರೆಕೊಟ್ಟವು. ಅತ್ಯಾಚಾರಕ್ಕೆ ಒಳಗಾದವರ ಮೇಲೆ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆ ಎಂಬ ಯೋನಿ ತಪಾಸಣೆಯು, ನಮ್ಮ ಸುಪ್ರೀಂ ಕೋರ್ಟಿನ ಪ್ರಕಾರ, ಹೆಣ್ಣಿನ ಖಾಸಗಿತನ ಮತ್ತು ಘನತೆಗೆ ಧಕ್ಕೆ ತರುತ್ತದೆ; ಕೋರ್ಟ್ ಇದನ್ನು 2013ರಲ್ಲಿಯೇ ಹೇಳಿತ್ತು. 2022ರ ಅಕ್ಟೋಬರ್ 31ರ ತೀರ್ಪಿನಲ್ಲಿ ಅಂಥ ಪರೀಕ್ಷೆ ನಡೆಸುವವರು ದುರ್ನಡತೆಯ ಅಪರಾಧಿಗಳಾಗುತ್ತಾರೆಂದು ಎಚ್ಚರಿಸಿತು. ಫ್ರಾನ್ಸ್ 2021ರಲ್ಲಿ ಕನ್ಯತ್ವದ ಪ್ರಮಾಣಪತ್ರ ಕೊಡುವುದನ್ನು ಅಪರಾಧವಾಗಿಸಿತು, ಬ್ರಿಟನ್ 2022ರಲ್ಲಿ ಪರೀಕ್ಷೆಯ ಜೊತೆಗೆ ಹೊಲಿಗೆಯ ಶಸ್ತ್ರಚಿಕಿತ್ಸೆಯನ್ನೂ ನಿಷೇಧಿಸಿತು.

ಈ ಹಿನ್ನೆಲೆಯಲ್ಲಿ ನೋಡಿದರೆ, ಎಲಾಹಾ ಹಣ ಹೊಂದಿಸಲು ಹೆಣಗುವ ಆ ಶಸ್ತ್ರಚಿಕಿತ್ಸೆ ಎಷ್ಟು ವಿಚಿತ್ರವಾದ ಸರಕು ಎಂಬುದು ಹೊಳೆಯುತ್ತದೆ. ಇಲ್ಲದ ಮೊಹರನ್ನು ಇತ್ತೆಂದು ತೋರಿಸಲು ಆಕೆ ಹಣ ತೆರಬೇಕು; ತೆತ್ತರೂ ಆ ರಾತ್ರಿ ರಕ್ತ ಬಂದೇ ಬರುತ್ತದೆಂಬ ಖಾತ್ರಿಯಿಲ್ಲ. ಉಪಾಯ ಕಲಿಸುವ ಚಿತ್ರವೆಂದು ಇದನ್ನು ಕರೆಯುವುದು ಹೇಗೆ? ಆ ಉಪಾಯಗಳ ಜಾಹೀರಾತುಗಳು ಹುಡುಗಿಯರ ಮೊಬೈಲ್ ಫೋನಿನಲ್ಲಿ ಈಗಾಗಲೇ ಇವೆ. ಅವು ಯಾವ ಭಯವನ್ನು ಮಾರಿ ಹಣ ಮಾಡುತ್ತಿವೆ ಎಂಬುದು ಚಿತ್ರ ನೋಡಿದವರಿಗೆ ತಿಳಿಯುತ್ತದೆ.

ಈಗ ಪ್ರದರ್ಶನದ ವಿಚಾರಕ್ಕೆ ಬರೋಣ. ಕಾನೂನಿನ ಮಟ್ಟಿಗೆ ನಿಮಗೆ ಅನುಕೂಲವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಶಿಕ್ಷಣ ಸಂಸ್ಥೆಯೊಂದು ತನ್ನ ಚಟುವಟಿಕೆಯ ಭಾಗವಾಗಿ ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರು ಹಾಗೂ ಆ ಚಟುವಟಿಕೆಗೆ ಸಂಬಂಧಪಟ್ಟವರಿಗೆ ಮಾತ್ರ ಚಿತ್ರ ತೋರಿಸುವುದನ್ನು ಉಲ್ಲಂಘನೆಯೆಂದು ಪರಿಗಣಿಸುವುದಿಲ್ಲ. ಆದರೆ ಪ್ರತಿ ಸಾಚಾ ಆಗಿರಬೇಕು. ಪೆನ್‌ಡ್ರೈವಿನಲ್ಲಿ ಯಾರೋ ತಂದುಕೊಟ್ಟದ್ದು ಆಗದು. ಬೆಂಗಳೂರಿನ ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಮ್ಯಾಕ್ಸ್‌ಮುಲ್ಲರ್ ಭವನಕ್ಕೆ ಪತ್ರ ಬರೆದು ವಿಚಾರಿಸಿ. ಈ ಚಿತ್ರ ಅವರಲ್ಲಿ ಇರದಿದ್ದರೂ ಹಕ್ಕು ಯಾರ ಬಳಿಯಿದೆ ಎಂದು ತಿಳಿಸಿಯಾರು. ಊರಿನವರನ್ನೂ ಕರೆದು ದೊಡ್ಡ ಕಾರ್ಯಕ್ರಮ ಮಾಡುವ ಆಸೆಗೆ ಬೀಳಬೇಡಿ. ಆಗ ಅದು ಸಾರ್ವಜನಿಕ ಪ್ರದರ್ಶನವಾಗುತ್ತದೆ, 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಮಾಣಪತ್ರ ಅಥವಾ ವಿನಾಯಿತಿಯ ಪ್ರಶ್ನೆ ಏಳುತ್ತದೆ, ಮೇಲಾಗಿ ಹುಡುಗಿಯರು ಮಾತನಾಡುವುದಿಲ್ಲ.

ಪೂರ್ತಿ ಚಿತ್ರ ತೋರಿಸುವುದು, ಆಯ್ದ ಭಾಗಗಳನ್ನು ಪಾಠದೊಳಗೆ ತೋರಿಸುವುದು, ಮೊದಲು ಹಗುರವಾದ ಬೇರೊಂದು ಚಿತ್ರ ತೋರಿಸಿ ನೆಲ ಹದಮಾಡುವುದು, ಬಿಟ್ಟುಬಿಡುವುದು ಎಂದು ನಿಮ್ಮ ಮುಂದೆ ದಾರಿಗಳಿವೆ. ಭಾಗಗಳನ್ನು ಮಾತ್ರ ತೋರಿಸುವುದು ಸುರಕ್ಷಿತವೆಂದು ಕಾಣುತ್ತದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಅಪಾಯಕಾರಿ. ಶಸ್ತ್ರಚಿಕಿತ್ಸೆಯ ಮಾತು ಬರುವ ದೃಶ್ಯವನ್ನೋ ಮನೆಯ ಜಗಳವನ್ನೋ ಕತ್ತರಿಸಿ ತೋರಿಸಿದರೆ ಉಳಿಯುವುದು ಸಮಸ್ಯೆ ಮಾತ್ರ; ಆ ಮನೆಯವರ ಪ್ರೀತಿ, ಆ ಕುಣಿತ ಎಲ್ಲ ಬಿದ್ದುಹೋಗುತ್ತದೆ, ಆಗ ನಿಮ್ಮ ಸಹೋದ್ಯೋಗಿಯ ಮೊದಲ ಆಕ್ಷೇಪ ನಿಜವಾಗಿಬಿಡುತ್ತದೆ. ಹಗುರವಾದ ಚಿತ್ರದಿಂದ ಶುರುಮಾಡುವುದು ಒಳ್ಳೆಯದೇ. ತುರ್ಕಿಯಿಂದ ಬಂದ ಕುಟುಂಬವೊಂದರ ಮೂರು ತಲೆಮಾರುಗಳನ್ನು ನಗುನಗುತ್ತ ಹೇಳುವ, ಯಾಸೆಮಿನ್ ಶಮ್ದೆರೆಲಿಯವರ ‘ಅಲ್ಮಾನ್ಯಾ’ (2011) ಅದಕ್ಕೆ ಸರಿಯಾದೀತು. ತೊಂದರೆಯೇನೆಂದರೆ, ಅನೇಕ ಕಾಲೇಜುಗಳಲ್ಲಿ ಹಗುರವಾದ ಚಿತ್ರ ಮುಗಿದ ಮೇಲೆ ಭಾರವಾದ ಚಿತ್ರದ ದಿನ ಬರುವುದೇ ಇಲ್ಲ. ಎರಡಕ್ಕೂ ಒಂದೇ ಬಾರಿಗೆ ಅನುಮತಿ ಪಡೆದಿಟ್ಟುಕೊಳ್ಳಿ.

ಪೂರ್ತಿ ತೋರಿಸುವುದೆಂದು ನಿರ್ಧರಿಸಿದರೆ, ಮೊದಲು ನೀವೂ ಪ್ರಾಂಶುಪಾಲರೂ ಆಕ್ಷೇಪಿಸಿದ ಸಹೋದ್ಯೋಗಿಯೂ ಒಟ್ಟಿಗೆ ಕುಳಿತು ಇನ್ನೊಮ್ಮೆ ನೋಡಿ. ಚಿತ್ರದಲ್ಲಿ ದೈಹಿಕ ಸಾಮೀಪ್ಯದ ದೃಶ್ಯಗಳಿವೆ. ಸಭಾಂಗಣದಲ್ಲಿ ಅವು ಬಂದಾಗ ಗಾಬರಿಯಿಂದ ರಿಮೋಟ್ ಹುಡುಕುವ ಪರಿಸ್ಥಿತಿ ಬರಬಾರದು. ಪ್ರಾಂಶುಪಾಲರ ಅನುಮತಿ ಬರಹದಲ್ಲಿರಲಿ. ವಿಷಯವೇನೆಂದು ವಿದ್ಯಾರ್ಥಿನಿಯರಿಗೆ ಮುಂಚೆಯೇ ಒಂದು ಪುಟದಲ್ಲಿ ತಿಳಿಸಿ, ಹಾಜರಾತಿಯನ್ನು ಕಡ್ಡಾಯ ಮಾಡಬೇಡಿ, ಬಾರದವರ ಕಾರಣ ಕೇಳಬೇಡಿ. ಜರ್ಮನ್ ಮತ್ತು ಕುರ್ದಿ ಮಾತುಗಳಿಗೆ ಇಂಗ್ಲಿಷ್ ಉಪಶೀರ್ಷಿಕೆ ಎಲ್ಲರಿಗೂ ಎಟುಕುವುದಿಲ್ಲವಾದ್ದರಿಂದ, ಮುಖ್ಯ ಸಂಭಾಷಣೆಗಳ ಕನ್ನಡವನ್ನು ನೀವೇ ಬರೆದು ಮುದ್ರಿಸಿ ಕೊಡಿ. ಯಾರನ್ನಾದರೂ ಮೈಕ್ ಹಿಡಿಸಿ ಸ್ಥಳದಲ್ಲೇ ಅನುವಾದ ಹೇಳಿಸುವುದು ಬೇಡ. ಶಿಬಿರವೊಂದರಲ್ಲಿ ಗರ್ಭಪಾತದ ಕುರಿತ ಯುರೋಪಿನ ಚಿತ್ರಕ್ಕೆ ಹೀಗೆ ಅನುವಾದ ಹೇಳಿದ 'ಸಭ್ಯ'ರೊಬ್ಬರು ದೇಹದ ಮಾತು ಬಂದಲ್ಲೆಲ್ಲ ‘ಆ ವಿಷಯ’ ಎಂದು ದಾಟಿಸುತ್ತ ಹೋದರು. ಚಿತ್ರ ಮುಗಿದಾಗ ಹಿಂದಿನ ಸಾಲಿನವರು, ಆ ಹುಡುಗಿ ಯಾರಿಂದಲೋ ಕೈಸಾಲ ಪಡೆದು ತೀರಿಸಲಾಗದೆ ಅಳುತ್ತಿದ್ದಾಳೆ ಎಂದೇ ತಿಳಿದಿದ್ದರು.

ಚರ್ಚೆಯದು ನಿಜವಾದ ಸೂಕ್ಷ್ಮ. ಇಂಥ ಚಿತ್ರಗಳ ನಂತರ ಮೈಕ್ ಕೊಟ್ಟರೆ ಮೊದಲು ಏಳುವವರು ಅಧ್ಯಾಪಕರು, ಅದರಲ್ಲೂ ಗಂಡಸರು. ಅವರ ಮಾತು ಮುಗಿಯುವಷ್ಟರಲ್ಲಿ ಬಸ್ಸಿನ ಸಮಯವಾಗಿರುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ‘ನಿಮ್ಮಲ್ಲಿ ಯಾರಿಗಾದರೂ ಇಂಥ ಅನುಭವ ಆಗಿದೆಯೇ’ ಎಂಬ ಪ್ರಶ್ನೆ. ಅದನ್ನು ಯಾರೂ ಕೇಳಕೂಡದು. ತುಂಬಿದ ಕೋಣೆಯಲ್ಲಿ ಒಬ್ಬ ಹುಡುಗಿ ತಲೆ ತಗ್ಗಿಸಿದರೆ ಸಾಕು, ಸಂಜೆಯೊಳಗೆ ಅವಳ ಬಗ್ಗೆ ಕಥೆ ಕಟ್ಟಿ ಅವಳ ಊರಿಗೆ ಮುಟ್ಟಿಸುವವರಿರುತ್ತಾರೆ. ಪುರಾವೆ ಕೇಳುವ ಚಿತ್ರವನ್ನು ತೋರಿಸಿ ನಾವೇ ಪುರಾವೆ ಕೇಳಿದಂತಾಗುತ್ತದೆ. ಒಂದೇ ಅಳತೆಯ ಬಿಳಿ ಚೀಟಿಗಳನ್ನು ಎಲ್ಲರಿಗೂ ಹಂಚಿ, ಪ್ರಶ್ನೆ ಇಲ್ಲದವರೂ ‘ಇಲ್ಲ’ ಎಂದು ಬರೆದು ಮಡಚಿ ಡಬ್ಬಿಗೆ ಹಾಕಲಿ. ಹಾಗೆ ಮಾಡಿದಾಗ ಬರುವ ಪ್ರಶ್ನೆಗಳು ಸಿನಿಮಾದ ಬಗ್ಗೆ ಕಡಿಮೆ, ‘ಸೈಕಲ್ ತುಳಿದರೆ ಹರಿಯುತ್ತದಂತೆ ಹೌದಾ’, ‘ಡಾಕ್ಟರಿಗೆ ಗೊತ್ತಾಗುತ್ತದಾ’ ಎಂಬಂಥವೇ ಹೆಚ್ಚು. ಇವಕ್ಕೆ ಉತ್ತರಿಸುವ ಕೆಲಸ ನಿಮ್ಮದಲ್ಲ, ನನ್ನದೂ ಅಲ್ಲ. ಒಬ್ಬ ಸ್ತ್ರೀರೋಗ ತಜ್ಞೆಯನ್ನು, ಸಾಧ್ಯವಾದರೆ ನಿಮ್ಮ ಊರಿನವರಲ್ಲದವರನ್ನು, ಮೊದಲೇ ಒಪ್ಪಿಸಿ ಕರೆಸಿ. ಅವರು ಉತ್ತರಿಸುವಾಗ ಪುರುಷ ಸಿಬ್ಬಂದಿ ಹೊರಗಿರಲಿ. ಚೀಟಿಗಳನ್ನು ಅಲ್ಲಿಯೇ ಹರಿದುಹಾಕಿ, ಏಕೆಂದರೆ ಅಕ್ಷರ ಗುರುತು ಹಿಡಿಯುವವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ.

ಈ ಏರ್ಪಾಡುಗಳಲ್ಲಿ ವೈದ್ಯೆಯದೊಂದು ಕೈಗೂಡದಿದ್ದರೆ ಪ್ರದರ್ಶನವನ್ನು ಮುಂದಿನ ಸೆಮಿಸ್ಟರ್‌ಗೆ ಹಾಕಿ ಎಂಬುದೇ ನನ್ನ ಸಲಹೆ. ಉಳಿದವು ಹೆಚ್ಚುಕಡಿಮೆಯಾದರೂ ಸಂಭಾಳಿಸಬಹುದು.